ಮನಾಲಿಯೋ, ಶ್ರೀನಗರವೋ, ಸ್ಪಿತಿಯೋ? ಹವೆ ಕೆಟ್ಟಾಗ ಪಾಸ್ ದಾಟಬೇಕಾದ ಸೈಕಲ್ ಸವಾರರಿಗೆ

ಬಿಸಿಲು 42 ಡಿಗ್ರಿ ದಾಟಿತೆಂದರೆ ಕಲಬುರಗಿಯ ಸೈಕಲ್ ಸವಾರರಿಗೆ ಹಿಮಾಲಯ ನೆನಪಾಗುತ್ತದೆ. ನಸುಕಿನಲ್ಲೇ ಶಹಾಬಾದಿನ ತನಕ ಹೋಗಿ ಬಿಸಿಲೇರುವುದರೊಳಗೆ ಮನೆ ಸೇರಿದವರು, ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು ಹಿಮದ ಗೋಡೆಗಳ ನಡುವೆ ಪೆಡಲ್ ತುಳಿಯುವವರ ವಿಡಿಯೊ ನೋಡುತ್ತಾರೆ. ಸಂಜೆಗೆ ಪ್ರಶ್ನೆ ಶುರು: “ಅಣ್ಣಾರ, ಮನಾಲಿಯಿಂದ ಹೋಗ್ಲೋ ಶ್ರೀನಗರದಿಂದ ಹೋಗ್ಲೋ? ಸ್ಪಿತಿ ಹಗುರ ಅಂತಾರ, ಖರೇನ್ರೀ?” ಬೀದರ್ ಮತ್ತು ಯಾದಗಿರಿಯ ಗೆಳೆಯರು ಕೇಳುವುದೂ ಇದನ್ನೇ. ಮೊದಲೆರಡು ಲಡಾಖಿನ ಲೇಹ್‌ಗೆ ಹೋಗುವ ದಾರಿಗಳು, ಸ್ಪಿತಿ ಹಿಮಾಚಲದ ಕಣಿವೆ.

ಆ ವಿಡಿಯೊಗಳಲ್ಲಿ ಆಕಾಶ ಯಾವಾಗಲೂ ನೀಲಿ. ಮಳೆ ಸುರಿಯುವಾಗ ಯಾರೂ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ. ಹವೆ ಚೆನ್ನಾಗಿದ್ದರೆ ಮೂರು ದಾರಿಯೂ ಚೆಂದ, ಆಗ ಹೋಲಿಕೆಯ ಅಗತ್ಯವೇ ಇಲ್ಲ. ಮಳೆ, ಕೆಸರು, ಹಿಮ, ಎದುರುಗಾಳಿ ಬಂದ ದಿನ ಯಾವ ದಾರಿ ನಿಮ್ಮ ಕೈ ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂಬುದೊಂದೇ ಇಲ್ಲಿ ನೋಡಬೇಕಾದ್ದು.

ಯಾವುದನ್ನು ಅಳೆಯಬೇಕು

ಎಲ್ಲರೂ ಮೊದಲು ಕೇಳುವುದು ಪಾಸ್, ಅಂದರೆ ರಸ್ತೆ ಬೆಟ್ಟಸಾಲು ದಾಟುವ ಜಾಗ, ಎಷ್ಟು ಎತ್ತರ ಎಂದು. ನಾನು ಅದನ್ನು ಕೊನೆಗೆ ಇಡುತ್ತೇನೆ. ಪಾಸ್ ಮೇಲೆ ನೀವಿರುವುದು ಹೆಚ್ಚೆಂದರೆ ಅರ್ಧ ಗಂಟೆ, ಫೋಟೊ ತೆಗೆದು ಇಳಿಯುತ್ತೀರಿ. ದೇಹ ಕಷ್ಟಪಡುವುದು ರಾತ್ರಿ, ಮಲಗಿದಾಗ. ಆದ್ದರಿಂದ ಮೊದಲ ಅಳತೆ, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂಬುದು.

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಯಾದಗಿರಿ ಇನ್ನೂ ತಗ್ಗು, ಬೀದರ್ ತುಸು ಮೇಲೆ. ನಾವೆಲ್ಲ ತಗ್ಗಿನ ಜನ. 5,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು ಎನ್ನುತ್ತಾರೆ ಪರ್ವತ ವೈದ್ಯರು. ಕಾಲಲ್ಲಿ ಎಷ್ಟೇ ಶಕ್ತಿ ಇರಲಿ, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಜೋರಾಗಿ ತುಳಿಯುವ ಹುಡುಗರೇ ಬೇಗ ಎತ್ತರಕ್ಕೇರಿ ಮೊದಲು ಕಾಯಿಲೆ ಬೀಳುತ್ತಾರೆ.

ಎರಡನೆಯದು, ಒಂದು ಸೂರಿನಿಂದ ಇನ್ನೊಂದು ಸೂರಿಗೆ ಎಷ್ಟು ದೂರ. ಮಳೆಯಲ್ಲಿ ತೊಯ್ದವನಿಗೆ ಮುಂದಿನ ಊರು 15 ಕಿಲೋಮೀಟರ್ ದೂರದಲ್ಲಿದ್ದರೆ ಅದೊಂದು ಕತೆ, 60 ಇದ್ದರೆ ಬೇರೆಯೇ ಕತೆ. ಮೂರನೆಯದು, ಕೈಬಿಡಬೇಕಾದಾಗ ಕೆಳಗಿಳಿಯಲು ದಾರಿ ಇದೆಯೇ ಎಂಬುದು. ನಾಲ್ಕನೆಯದು, ಆ ದಾರಿಯಲ್ಲಿ ಹವೆ ಕೆಡುವ ಬಗೆ: ಮಳೆಯೋ, ಹಿಮವೋ, ಗಾಳಿಯೋ, ಮೇಲಿಂದ ಉರುಳುವ ಕಲ್ಲೋ. ರಜೆ ಮತ್ತು ರೊಕ್ಕದ ಮಾತು ಆಮೇಲೆ.

ಏರು ಕಡಿದಾಗಿರುತ್ತದೆ ಎಂದು ಬಹಳ ಹೆದರಬೇಡಿ. ಸೇನೆಯ ಲಾರಿಗಳು ಹತ್ತಲೆಂದು ಮಾಡಿದ ಈ ಹೆದ್ದಾರಿಗಳ ಏರು ಉದ್ದ, ಆದರೆ ಸೌಮ್ಯ. ಮುಂದಿನ ಹಲ್ಲುಚಕ್ರ ಹಿಂದಿನದಕ್ಕಿಂತ ಚಿಕ್ಕದಾಗುವ ಗೇರ್ ಇದ್ದರೆ ತಾಳ್ಮೆಯ ಮೇಲೆ ಹತ್ತಬಹುದು.

ಮನಾಲಿ–ಲೇಹ್: ಎಲ್ಲರ ಕನಸು, ಮೊದಲ ಸಲಕ್ಕೆ ಬೇಡ

ಸುಮಾರು 470 ಕಿಲೋಮೀಟರ್. ರೋಹತಾಂಗ್ 3,978 ಮೀಟರ್, ಬಾರಾಲಾಚಾ ಲಾ (ಅಲ್ಲಿಯ ಮಾತಿನಲ್ಲಿ ‘ಲಾ’ ಎಂದರೆ ಪಾಸ್) ಸುಮಾರು 4,890, ಗಾಟಾ ಲೂಪ್ಸ್‌ನ 21 ತಿರುವು ಹತ್ತಿದ ಮೇಲೆ ನಕೀ ಲಾ, ಅದರ ಬೆನ್ನಿಗೇ 5,000 ಮೀಟರ್ ದಾಟುವ ಲಾಚುಂಗ್ ಲಾ, ಕೊನೆಗೆ 5,328 ಮೀಟರಿನ ತಂಗ್ಲಾಂಗ್ ಲಾ. ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ಲಾರಿಗಳು ಅದರೊಳಗೆ ಹೋಗುತ್ತವೆ, ರೋಹತಾಂಗ್ ಏರಿನಲ್ಲಿ ಹೊಗೆ ಕುಡಿಯುವ ಕಾಟ ಕಡಿಮೆಯಾಗಿದೆ.

ನನ್ನ ಮೊದಲ ಅಳತೆಯಲ್ಲೇ ಈ ದಾರಿ ಸೋಲುತ್ತದೆ. ಜಿಸ್ಪಾ 3,200 ಮೀಟರ್ ಆಸುಪಾಸು. ಅಲ್ಲಿಂದ ಮುಂದೆ ಜನ ಸಾಮಾನ್ಯವಾಗಿ ಉಳಿಯುವ ಜಿಂಗ್‌ಜಿಂಗ್‌ಬಾರ್ ಮತ್ತು ಸರ್ಚು ಎರಡೂ 4,200ರ ಮೇಲೆ. ಅಂದರೆ ಒಂದೇ ನೆಗೆತಕ್ಕೆ ಸಾವಿರ ಮೀಟರ್. ಸ್ವಂತ ಟೆಂಟ್ ಇದ್ದವರು ಪಟ್ಸಿಯೋ ಹತ್ತಿರ ಒಂದು ರಾತ್ರಿ ಸೇರಿಸಿ ಈ ನೆಗೆತ ಮುರಿಯಬಹುದು. ಟೆಂಟ್ ಇಲ್ಲದವರು ಜಿಸ್ಪಾ ಅಥವಾ ಕೇಲಾಂಗ್‌ನಲ್ಲಿ ಎರಡು ರಾತ್ರಿ ಕಳೆಯಲೇಬೇಕು.

ನಿಜವಾದ ಇಕ್ಕಟ್ಟು ಪಾಂಗ್‌ನಲ್ಲಿ. ಎತ್ತರ ಸುಮಾರು 4,600 ಮೀಟರ್. ಅಲ್ಲಿ ರಾತ್ರಿ ತಲೆ ಸಿಡಿಯತೊಡಗಿದರೆ, ವಾಂತಿಯಾದರೆ ಕೂಡಲೇ ಇಳಿಯಬೇಕು. ಎಲ್ಲಿಗೆ ಇಳಿಯುವುದು? ಹಿಂದಕ್ಕೆ ಹೋದರೆ ಲಾಚುಂಗ್ ಲಾ, ಮುಂದಕ್ಕೆ ಹೋದರೆ ತಂಗ್ಲಾಂಗ್ ಲಾ. ಇಳಿಯಬೇಕೆಂದರೆ ಮೊದಲು ಹತ್ತಬೇಕು, ಅದೂ ಯಾರದೋ ವಾಹನ ಸಿಕ್ಕರೆ. ದಾರ್ಚಾ ಬಿಟ್ಟ ಮೇಲೆ ರುಮ್ತ್ಸೆ ಬರುವವರೆಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಕಾಯಂ ಊರೆಂಬುದೇ ಇಲ್ಲ. ಇರುವುದು ಬೇಸಿಗೆಯಲ್ಲಿ ಎಬ್ಬಿಸುವ ಟೆಂಟ್ ಢಾಬಾಗಳು. ಮ್ಯಾಗಿ, ದಾಲ್-ಚಾವಲ್, ಆಮ್ಲೆಟ್, ಮಲಗಲು ರಜಾಯಿ ಸಿಗುತ್ತವೆ. ಚಳಿ ಬಿದ್ದೊಡನೆ ಅವು ಗಂಟುಮೂಟೆ ಕಟ್ಟುತ್ತವೆ. ಸೆಪ್ಟೆಂಬರ್ ಕೊನೆಗೆ ಹೋಗುವವರು ಇದನ್ನು ಮನಾಲಿಯಲ್ಲೇ ವಿಚಾರಿಸಿಕೊಂಡು ಹೊರಡಬೇಕು.

ಹವೆ ಇಲ್ಲಿ ಎರಡು ಬಗೆಯಲ್ಲಿ ಕೆಡುತ್ತದೆ. ಜುಲೈ-ಆಗಸ್ಟ್‌ನಲ್ಲಿ ಮನಾಲಿ ಕಡೆ ಮುಂಗಾರಿನ ಹೊಡೆತ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲು-ಮನಾಲಿ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿದ್ದು ನೆನಪಿರಬಹುದು. ರೋಹತಾಂಗ್ ದಾಟಿದ ಮೇಲೆ ಮಳೆ ಕಡಿಮೆ, ಆದರೆ ಹಿಮ ಕರಗಿದ ನೀರಿನ ನಾಲೆಗಳು ರಸ್ತೆಯ ಮೇಲೇ ಹರಿಯುತ್ತವೆ. ಮಧ್ಯಾಹ್ನದ ಬಿಸಿಲಿಗೆ ಅವು ಉಕ್ಕುವುದರಿಂದ ಬೆಳಿಗ್ಗೆ ಎಂಟರೊಳಗೆ ದಾಟಬೇಕು. ಇನ್ನು ಸೆಪ್ಟೆಂಬರ್‌ನ ಅಕಾಲ ಹಿಮ. 2018ರ ಸೆಪ್ಟೆಂಬರ್ ಮೂರನೆಯ ವಾರ ಕಳೆಯುತ್ತಿದ್ದಂತೆ ಲಾಹೌಲ್-ಸ್ಪಿತಿಯಲ್ಲಿ ಬಿದ್ದ ಹಿಮಕ್ಕೆ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ಹೆಲಿಕಾಪ್ಟರ್ ತರಿಸಬೇಕಾಯಿತು. ಪಾಂಗ್ ದಾಟಿದ ಮೇಲೆ ಸಿಗುವ ಮೋರೆ ಬಯಲಿನ ಮಧ್ಯಾಹ್ನದ ಗಾಳಿಯದು ಇನ್ನೊಂದು ಲೆಕ್ಕ. ಅದಕ್ಕೆ ಮಾತ್ರ ನಮ್ಮವರು ಹೆದರಬೇಕಿಲ್ಲ. ಆಷಾಢದಲ್ಲಿ ಅಫಜಲಪುರ ರಸ್ತೆ ಹಿಡಿದು ಪಡುವಣ ಗಾಳಿಗೆ ಎದೆ ಕೊಟ್ಟು ತುಳಿದವರಿಗೆ ಎದುರುಗಾಳಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಮೂರು ವಾರದ ರಜೆ, ಮೊದಲೇ ಎತ್ತರದಲ್ಲಿ ಮಲಗಿದ ಅನುಭವ, ಒಬ್ಬನಾದರೂ ಜೊತೆಗಾರ ಬೇಕು. ಮೂರೂ ಇದ್ದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಹೋಗಿ.

ಶ್ರೀನಗರ–ಲೇಹ್: ಮೊದಲ ಸಲದವರಿಗೆ ನನ್ನ ಮತ

ದೂರ 420 ಕಿಲೋಮೀಟರಿನ ಸುಮಾರು. ಮನಾಲಿ ದಾರಿಯ ಮುಂದೆ ಈ ಪಾಸ್‌ಗಳ ಎತ್ತರ ಸಪ್ಪೆ ಅನಿಸುತ್ತದೆ: ಜೋಜಿ ಲಾ 3,528 ಮೀಟರ್, ನಮಿಕಾ ಲಾ 3,700, ಎಲ್ಲಕ್ಕಿಂತ ಎತ್ತರದ ಫೋತು ಲಾ 4,108. ಊರಲ್ಲಿ ಹೇಳಿಕೊಳ್ಳಲು 5,000ದ ಸಂಖ್ಯೆ ಬೇಕೆನ್ನುವವರು ಮೂಗು ಮುರಿಯುತ್ತಾರೆ.

ಆದರೆ ಮಲಗುವ ಎತ್ತರ ನೋಡಿ. ಶ್ರೀನಗರ 1,600ಕ್ಕೂ ಕಡಿಮೆ. ಸೋನಮಾರ್ಗ್ 2,700ರ ಮೇಲೆ. ಜೋಜಿ ಲಾ ದಾಟಿ ದ್ರಾಸ್ 3,200ರ ಸುಮಾರು, ಮರುದಿನ ಕಾರ್ಗಿಲ್‌ಗೆ ಇಳಿದರೆ 2,676. ಮುಂದೆ ಮುಲ್ಬೇಖ್, ಲಾಮಾಯುರು, ಮತ್ತೆ ಸಿಂಧೂ ದಂಡೆಯ ಖಾಲ್ಸಿಗೆ ಇಳಿತ, ಕೊನೆಗೆ 3,500 ಮೀಟರಿನ ಲೇಹ್. ಹತ್ತುವುದು, ಇಳಿದು ಮಲಗುವುದು. ವೈದ್ಯರು ಹೇಳುವ ಕ್ರಮವನ್ನು ರಸ್ತೆಯೇ ಪಾಲಿಸಿದೆ. ದಾರಿಯುದ್ದಕ್ಕೂ ಕಾಯಂ ಊರುಗಳು, ಗೋಡೆ-ಮಾಡು ಇರುವ ಕೋಣೆಗಳು, ಕಾರ್ಗಿಲ್‌ನಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಮಳೆ ಬಂದರೆ ನಿಲ್ಲಬಹುದು, ಮೈ ಕೈಕೊಟ್ಟರೆ ಟ್ಯಾಕ್ಸಿ ಹತ್ತಬಹುದು.

ಕಷ್ಟವೆಲ್ಲ ಜೋಜಿ ಲಾದಲ್ಲಿ ಗುಡ್ಡೆ ಬಿದ್ದಿದೆ. ಕಾಶ್ಮೀರದ ಕಡೆಯ ಏರು ಕಿರಿದು. ಮಳೆಯಾದರೆ ಗಾಲಿ ಹೂತುಹೋಗುವ ಕೆಸರು, ಒಂದು ಕಡೆ ಪ್ರಪಾತ, ಬೆನ್ನಿಗೆ ಲಾರಿಗಳ ಸಾಲು. ಪೊಲೀಸರು ಹೊತ್ತು ಗೊತ್ತುಮಾಡಿ ಒಂದೊಂದು ಕಡೆಯಿಂದ ವಾಹನ ಬಿಡುತ್ತಾರೆ, ಸೈಕಲ್ಲನ್ನು ಯಾವಾಗ ಬಿಡುತ್ತಾರೆಂಬುದು ಆ ದಿನದ ಅಧಿಕಾರಿಯ ಮರ್ಜಿ. ಮಳೆ ಸುರಿದ ಮರುದಿನ ಸೋನಮಾರ್ಗ್‌ನಲ್ಲೇ ಉಳಿದರೆ ಜಾಣತನ. ಅಮರನಾಥ ಯಾತ್ರೆಯ ಸಮಯದಲ್ಲಿ ಬಾಲ್ತಾಲ್ ಕಡೆಯ ನೂಕುನುಗ್ಗಲು ಬೇರೆ, ಆ ವಾರಗಳನ್ನು ತಪ್ಪಿಸಿ. ಗಡಿ ಭಾಗವಾದ್ದರಿಂದ ಪರಿಸ್ಥಿತಿ ನೋಡಿಕೊಂಡೇ ಹೊರಡಬೇಕು.

ಇನ್ನೊಂದು ವಿಷಯ ಹೊರಡುವ ಮೊದಲೇ ಆಗಬೇಕು. ಕರ್ನಾಟಕದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನೆಯವರಿಗೆ ವಾರವಿಡೀ ಫೋನು ಹೋಗದಿದ್ದರೆ ಇಲ್ಲಿ ಆಗುವ ಗದ್ದಲ ನಿಮಗೇ ಗೊತ್ತು.

ಸ್ಪಿತಿ ಹಗುರವೇ?

ಎತ್ತರದ ಮಟ್ಟಿಗೆ ಹೌದು, ಶಿಮ್ಲಾದಿಂದ ಹೊರಟರೆ. ಸಟ್ಲೆಜ್ ಕಣಿವೆ ಹಿಡಿದು ರಾಂಪುರ, ರೆಕಾಂಗ್ ಪಿಯೋ, ನಾಕೋ, ತಾಬೋ, ಕಾಜಾ. ಇಷ್ಟು ನಿಧಾನ ಏರುವ ದಾರಿ ಈ ಮೂರರಲ್ಲಿ ಬೇರೆ ಇಲ್ಲ. ತಾಬೋದಲ್ಲಿ 996ರಲ್ಲಿ ಕಟ್ಟಿದ ಮಣ್ಣಿನ ಬೌದ್ಧ ವಿಹಾರವಿದೆ, ಒಂದು ದಿನ ನಿಲ್ಲಲು ಒಳ್ಳೆಯ ನೆಪ. ಮನಾಲಿಯಿಂದ ಉಲ್ಟಾ ಹೊರಟರೆ ಈ ಅನುಕೂಲವೆಲ್ಲ ಹೋಗುತ್ತದೆ, ಎರಡು-ಮೂರು ದಿನದಲ್ಲೇ 4,500 ದಾಟುವ ಕುಂಜುಮ್ ಲಾ ಎದುರಾಗುತ್ತದೆ. ಹಾಗೆ ಮಾಡಬೇಡಿ.

ಮಳೆಗಾಲದಲ್ಲಿ ಮಾತ್ರ ಈ ದಾರಿಯಲ್ಲಿ ರಾಂಪುರ ದಾಟಿದ ಮೇಲೆ ಬರುವ ಕಿನ್ನೌರ್ ಭಾಗ ನನಗೆ ಮೂರರಲ್ಲೇ ಹೆಚ್ಚು ಅಂಜಿಕೆ ತರುವಂಥದ್ದು. ಅಲ್ಲಿ ಚಳಿಯಾಗಲಿ ಎತ್ತರವಾಗಲಿ ಕಾರಣವಲ್ಲ, ಮೇಲಿಂದ ಉರುಳುವ ಕಲ್ಲು. 2021ರ ಆಗಸ್ಟ್‌ನಲ್ಲಿ ನಿಗುಲ್ಸಾರಿ ಹತ್ತಿರ ಗುಡ್ಡ ಕುಸಿದು ಬಸ್ಸೊಂದು ಹೂತುಹೋಯಿತು. ಎಂಥ ಜಾಕೆಟ್ಟೂ, ಎಂಥ ತರಬೇತಿಯೂ ಅಲ್ಲಿ ಉಪಯೋಗಕ್ಕೆ ಬಾರದು. ಜುಲೈ-ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಹಿಡಿಯಿರಿ. ಕಾಜಾ ಮುಟ್ಟಿದ ಮೇಲೆ ಕುಂಜುಮ್ ಮುಚ್ಚಿದ್ದರೆ ಬೇಜಾರಿಲ್ಲದೆ ಬಂದ ದಾರಿಯಲ್ಲೇ ಬಸ್ಸು ಹತ್ತಿ. ಕುಂಜುಮ್‌ನಿಂದ ಬಾತಲ್, ಛತ್ರು, ಗ್ರಾಂಫೂ ತನಕದ್ದು ರಸ್ತೆಗಿಂತ ಹೊಳೆಯ ಪಾತ್ರಕ್ಕೆ ಹತ್ತಿರ, ಒದ್ದೆ ಬೂಟಿನಲ್ಲೇ ದಿನ ಕಳೆಯಬೇಕಾಗುತ್ತದೆ.

ಒಂದೇ ವಾರ ರಜೆ ಇದ್ದವರಿಗೆ

ಇಲ್ಲೊಂದು ತಮಾಷೆಯಿದೆ. ನನ್ನ ಅಳತೆಗಳ ಪ್ರಕಾರ ಮನಾಲಿ ದಾರಿಗಿಂತ ಎಷ್ಟೋ ಸುರಕ್ಷಿತವಾದ ಸವಾರಿ, ಆ ದಾರಿಯ ಎಲ್ಲ ಪಾಸ್‌ಗಳಿಗಿಂತ ಎತ್ತರದ ಖರ್ದುಂಗ್ ಲಾದ್ದು. ಹೈದರಾಬಾದಿನಿಂದ ದೆಹಲಿ ಮೂಲಕ ಲೇಹ್‌ಗೆ ವಿಮಾನ, ಬೀದರ್‌ನವರಿಗಂತೂ ಇದು ಹತ್ತಿರದ ದಾರಿ. ಲೇಹ್‌ನಲ್ಲಿ ಗೇರ್ ಸೈಕಲ್ ಬಾಡಿಗೆಗೆ ಸಿಗುತ್ತದೆ, ಇಲ್ಲಿಂದ ಹೊರಬೇಕಿಲ್ಲ. ಪಾಸ್ ಅಲ್ಲಿಂದ 40 ಕಿಲೋಮೀಟರ್. ಹವೆ ಕೆಟ್ಟಿತೋ, ಸೈಕಲ್ ತಿರುಗಿಸಿದರೆ ಆಯಿತು, ಲೇಹ್ ತನಕ ಬರೀ ಇಳಿತ. ರಾತ್ರಿ ಮತ್ತೆ 3,500ರಲ್ಲೇ ನಿದ್ದೆ.

ಆದರೆ 450ರಿಂದ 3,500ಕ್ಕೆ ಒಂದೇ ಬೆಳಿಗ್ಗೆ ಹಾರಿ ಬಂದವರು ಮೊದಲ ಎರಡು ದಿನ ಏನೂ ಮಾಡಕೂಡದು. ಮೂರನೆಯ ದಿನ ಸಿಂಧೂ ದಂಡೆಯಲ್ಲಿ ಸಪಾಟು ರಸ್ತೆ, ಆಮೇಲೆ ಪಾಸಿನ ದಾರಿಯಲ್ಲಿರುವ ಸೌತ್ ಪುಲ್ಲು ತನಕ, ವಾರದ ಕೊನೆಗೆ ಪಾಸ್. ಮೇಲಿನ ಹಳೆಯ ಫಲಕದಲ್ಲಿ 18,380 ಅಡಿ ಎಂದು ಬರೆದಿದ್ದುದನ್ನು ಎಲ್ಲರೂ ಫೋಟೊ ತೆಗೆಸಿಕೊಂಡಿದ್ದಾರೆ, ನಿಜವಾದ ಎತ್ತರ 5,359 ಮೀಟರ್, ಅಂದರೆ ಸುಮಾರು 17,580 ಅಡಿ. ಪರವಾನಗಿಯ ನಿಯಮ ಆಗಾಗ ಬದಲಾಗುತ್ತದೆ, ಲೇಹ್‌ನಲ್ಲೇ ಕೇಳಿಕೊಳ್ಳಿ.

ಎತ್ತರದ ತೊಂದರೆಗೆ ಡಯಾಮಾಕ್ಸ್ ಮಾತ್ರೆ ನುಂಗುವ ಪದ್ಧತಿ ಇದೆ. ಔಷಧಿ ಅಂಗಡಿಯವನನ್ನು ಬಿಟ್ಟು ವೈದ್ಯರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ನಡೆಯುವಾಗ ಹೆಜ್ಜೆ ತಪ್ಪುವುದು, ಸುಮ್ಮನೆ ಕೂತಾಗಲೂ ಏದುಸಿರು ಬರುವುದು ಕಂಡರೆ ಮಾತ್ರೆ ನಂಬಿ ಕೂರಬಾರದು, ಆ ಗಳಿಗೆಯಲ್ಲೇ ಕೆಳಗಿಳಿಸಬೇಕು.

ಮೊದಲು ಹತ್ತಿರದ ಘಾಟಿನಲ್ಲಿ ತೊಯ್ದು ನೋಡಿ

ನಮ್ಮ ಜಿಲ್ಲೆಗಳಲ್ಲಿ ಏರು ಹುಡುಕಿದರೆ ಚಿಂಚೋಳಿ ಕಾಡಿನ ಏರಿಳಿತ, ಬೀದರ್ ಪ್ರಸ್ಥಭೂಮಿಯ ಅಂಚು ಸಿಗುತ್ತವೆ, ಅಷ್ಟೇ. ಮಳೆಯಲ್ಲಿ ಇಳಿಯುವ ಅಭ್ಯಾಸಕ್ಕೆ ಅವು ಸಾಲವು. ಎಲ್ಲರೂ ಆಗುಂಬೆ ಎನ್ನುತ್ತಾರೆ. 14 ತಿರುವಿನ ಆ ಘಾಟಿ ಸೊಗಸು, ಮಳೆಗೂ ಕೊರತೆಯಿಲ್ಲ, ಆದರೆ ನಮಗೆ ದೂರ. ಸೊಲ್ಲಾಪುರ, ಪುಣೆ ರೈಲು ನಮ್ಮ ಮನೆ ಬಾಗಿಲಲ್ಲಿರುವಾಗ ವಾಯಿಯಿಂದ ಪಂಚಗಣಿಗೆ ಹತ್ತುವ ಪಸರಣಿ ಘಾಟು, ಅಲ್ಲಿಂದ ಮಹಾಬಳೇಶ್ವರವೇ ಅನುಕೂಲ. ಜುಲೈನಲ್ಲಿ ಅಲ್ಲಿ ಮಂಜು, ಗಾಳಿ, ಬಿಡದ ಮಳೆ ಮೂರೂ ಒಟ್ಟಿಗೆ ಸಿಗುತ್ತವೆ. ಎತ್ತರದ ಪರೀಕ್ಷೆ ಆಗುವುದಿಲ್ಲ, ಬ್ರೇಕು, ಕೈಗವಸು, ರೇನ್‌ಕೋಟಿನ ಪರೀಕ್ಷೆ ಪೂರ್ತಿ ಆಗುತ್ತದೆ. ಕೈಯಲ್ಲಿ ರೊಕ್ಕ ಕಡಿಮೆ ಇದ್ದವರಿಗೆ, ಹಿಮಾಲಯವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡವರಿಗೆ ಇದೇ ಸಾಕು. ಹಿಮಾಲಯವೇ ಬೇಕು, ಖರ್ಚು ಕಡಿಮೆ ಇರಲಿ ಅನ್ನುವವರು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ನಡೆಸುತ್ತ ಬಂದಿರುವ ಜಲೋರಿ ಪಾಸ್ ಸೈಕಲ್ ಶಿಬಿರ ವಿಚಾರಿಸಬಹುದು. ಪಾಸ್ 3,100 ಮೀಟರ್ ಆಸುಪಾಸು, ಆದರೆ ಹೆದ್ದಾರಿಗಳ ಹಾಗಲ್ಲ, ಏರು ನಿಜಕ್ಕೂ ಕಡಿದು.

ಬೆಂಬಲದ ಗಾಡಿ ಬೇಕೇ?

ಸಾಮಾನು ಹೊರುವ ಗಾಡಿ, ಅಡುಗೆಯವ, ಟೆಂಟ್ ಎಲ್ಲ ಇರುವ ತಂಡದ ಜೊತೆ ಹೋದರೆ ಖರ್ಚು ಒಬ್ಬರೇ ಹೋಗುವುದರ ಹಲವು ಪಟ್ಟು. ಮನಾಲಿ ದಾರಿಯಲ್ಲಿ ಆ ಖರ್ಚಿಗೆ ಅರ್ಥವಿದೆ, ಏಕೆಂದರೆ ಪಾಂಗ್‌ನ ಇಕ್ಕಟ್ಟಿಗೆ ಉತ್ತರ ಆ ಗಾಡಿಯೇ. ಶ್ರೀನಗರ ದಾರಿಯಲ್ಲಿ ಊರುಗಳೇ ನಿಮ್ಮ ಬೆಂಬಲ, ಅಲ್ಲಿ ರೊಕ್ಕ ಉಳಿಸಿ.

ಗಾಡಿಯಿದ್ದರೂ ಒಂದು ಅಪಾಯ ಉಳಿಯುತ್ತದೆ. ತಂಡದ ವೇಳಾಪಟ್ಟಿ ಮೊದಲೇ ಕಟ್ಟಿರುತ್ತದೆ. ವಾಪಸ್ ವಿಮಾನದ ಟಿಕೆಟ್ ಹನ್ನೆರಡು ಜನರದ್ದೂ ಒಂದೇ ದಿನ. ಮಳೆ ಬಂದರೂ ಹೊರಡು ಎನ್ನುತ್ತಾರೆ. ಮುಂಗಡ ಕೊಡುವ ಮೊದಲು ಕೇಳಿ: ಹವೆ ಕೆಟ್ಟರೆ ಎಷ್ಟು ದಿನ ಕೈಯಲ್ಲಿ ಇಟ್ಟಿದ್ದೀರಿ? ಜಿಸ್ಪಾದಲ್ಲಿ ಎಷ್ಟು ರಾತ್ರಿ? ಆಮ್ಲಜನಕದ ಸಿಲಿಂಡರ್ ಇದೆಯೇ? ನಿಲ್ಲಿಸುವ ತೀರ್ಮಾನ ಯಾರದು? ಮೊದಲ ಪ್ರಶ್ನೆಗೆ “ಒಂದೂ ಇಲ್ಲ” ಎಂದರೆ ಆ ತಂಡಕ್ಕಿಂತ ಎರಡು ದಿನ ಹೆಚ್ಚು ರಜೆ ಹಾಕಿ ಗೆಳೆಯನ ಜೊತೆ ಹೋಗುವುದೇ ವಾಸಿ.

ಯಾವುದಕ್ಕೆ ರೊಕ್ಕ ಹಾಕಬೇಕು

ಮೊದಲು ಬ್ರೇಕು. ಗಾಲಿಯ ಅಂಚನ್ನು ಹಿಡಿಯುವ ರಿಮ್ ಬ್ರೇಕ್ ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ, ಜೋಜಿ ಲಾದ ಕೆಸರಿನಲ್ಲಿ ಅದರ ರಬ್ಬರ್ ಬೇಗ ಸವೆಯುತ್ತದೆ. ಡಿಸ್ಕ್ ಬ್ರೇಕೇ ಬೇಕು. ಹೈಡ್ರಾಲಿಕ್ ಮೃದುವಾಗಿ ಹಿಡಿಯುತ್ತದೆ, ಆದರೆ ದಾರಿಯಲ್ಲಿ ಎಣ್ಣೆ ಸೋರಿದರೆ ರಿಪೇರಿ ಮಾಡುವವರು ಸಿಗುವುದಿಲ್ಲ. ಕೇಬಲ್ ಡಿಸ್ಕ್ ತುಸು ಬಿಗಿ, ಆದರೆ ಒಂದು ಕೇಬಲ್, ಒಂದು ಅಲೆನ್ ಕೀ ಇದ್ದರೆ ರಸ್ತೆ ಬದಿಯಲ್ಲೇ ಸರಿಪಡಿಸಬಹುದು. ದೂರದ ದಾರಿಗೆ ನನ್ನ ಓಟು ಕೇಬಲ್‌ಗೆ. ಎರಡು ಜೊತೆ ಪ್ಯಾಡ್ ಹೆಚ್ಚಿಗೆ ಇಟ್ಟುಕೊಳ್ಳಿ.

ರೇನ್‌ಕೋಟಿನಲ್ಲಿ ಪೊಂಚೊ ಬೇಡವೇ ಬೇಡ, ಗಾಳಿಗೆ ಉಬ್ಬಿ ಸೈಕಲ್ಲನ್ನೇ ಪಕ್ಕಕ್ಕೆ ಎಳೆಯುತ್ತದೆ. ಐದಾರು ನೂರಿನ ಪಿವಿಸಿ ಕೋಟು ಮಳೆ ತಡೆಯುತ್ತದೆ, ಒಳಗಿನ ಬೆವರನ್ನೂ ತಡೆದು ಹಿಡಿಯುತ್ತದೆ. ಬೆವರು ಹೊರಬಿಡುವ ಜಾಕೆಟ್ಟಿಗೆ ಹಲವು ಸಾವಿರ ಬೇಕು. ಅಷ್ಟಿಲ್ಲದವರು ಪಿವಿಸಿಯನ್ನೇ ಒಯ್ಯಲಿ, ಆದರೆ ಏರಿನಲ್ಲಿ ಅದನ್ನು ತೆಗೆದಿಡಲಿ, ಇಳಿಯುವಾಗ ಮಾತ್ರ ಹಾಕಲಿ. ಕಲಬುರಗಿಗೂ ಬಾರಾಲಾಚಾಕ್ಕೂ 4,400 ಮೀಟರ್ ಅಂತರ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಎತ್ತರವೊಂದರಿಂದಲೇ 28 ಡಿಗ್ರಿ ಇಳಿಯುತ್ತದೆ, ಇಳಿತದ ಗಾಳಿ ಅದರ ಮೇಲೆ. ಏರುವಾಗ ಬೆವರಿದ ಬನಿಯನ್ನಿನಲ್ಲೇ ಇಳಿದರೆ ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟಿ ಬ್ರೇಕು ಹಿಡಿಯಲಾಗುವುದಿಲ್ಲ. ಪಾಸ್ ಮೇಲೆ ಫೋಟೊಗಿಂತ ಮೊದಲು ಒಣ ಬನಿಯನ್ ಹಾಕಿಕೊಳ್ಳಿ, ಎದೆಗೆ ಒಂದು ದಿನಪತ್ರಿಕೆ ಮಡಚಿಡಿ. ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿದರೆ ದುಬಾರಿ ಗವಸಿನ ಕೆಲಸ ಮುಗಿಯುತ್ತದೆ.

ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಶೇಂಗಾ ಹೋಳಿಗೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಮೂರನೆಯ ದಿನದ ಮ್ಯಾಗಿ ಗಂಟಲಿಗಿಳಿಯುವುದಿಲ್ಲ, ಹಿಂಡಿ-ರೊಟ್ಟಿ ಇಳಿಯುತ್ತದೆ. ರೊಟ್ಟಿ ಪುಡಿಯಾದರೂ ಚಿಂತೆಯಿಲ್ಲ, ಬಿಸಿ ದಾಲ್‌ಗೆ ಹಾಕಿ ಕುಡಿಯಿರಿ.

ಸೈಕಲ್ ಸಾಗಿಸಲು ಯಾದಗಿರಿ, ಕಲಬುರಗಿ ಎರಡೂ ಕಡೆಯವರಿಗೆ ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಪಾರ್ಸೆಲ್ ಮಾಡಿದರೆ ಅಗ್ಗ, ಆದರೆ ಗಾಡಿ ನಿಲ್ಲುವುದು ಕೆಲವೇ ನಿಮಿಷವಾದ್ದರಿಂದ ಸೈಕಲ್ ಮುಂದಿನ ಗಾಡಿಗೆ ಉಳಿಯುವ ಸಾಧ್ಯತೆ ಇರುತ್ತದೆ. ಹಾಗಾಗಿ ದೆಹಲಿಯಲ್ಲಿ ಒಂದು ದಿನ ಕೈಯಲ್ಲಿಟ್ಟುಕೊಂಡೇ ಮುಂದಿನ ಬಸ್ಸು ಬುಕ್ ಮಾಡಿ. ಇಲ್ಲವೇ ಎರಡೂ ಗಾಲಿ, ಪೆಡಲ್ ಬಿಚ್ಚಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ತಳ್ಳಿ, ಟಿಟಿಗೆ ಮೊದಲೇ ಒಂದು ಮಾತು ಹೇಳಿಬಿಡಿ.